ಅಣ್ಣನ ಬೆನ್ನು, ನನ್ನ ಪಾದ

ನಾನು ಕಾಲು ಮುಂದಾಗಿ ಹುಟ್ಟಿದವಳು. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹಬ್ಬಿರುವ ನಮ್ಮ ನೆಂಟರಿಗೆ ನನ್ನ ಬಗ್ಗೆ ಗೊತ್ತಿರುವ ಮುಖ್ಯ ಸಂಗತಿ ಇದೊಂದೇ. ನಾನು ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದದ್ದು, ಬ್ರಹ್ಮಾವರದ ಹೈಸ್ಕೂಲೊಂದರಲ್ಲಿ ಇಷ್ಟು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವುದು, ಇವೆಲ್ಲ ಅವರ ಲೆಕ್ಕದಲ್ಲಿ ಆಮೇಲೆ ನಡೆದ ಸಣ್ಣಪುಟ್ಟ ಘಟನೆಗಳು. ನನ್ನ ಓದಿಗಿಂತ ನಾನು ಹುಟ್ಟಿದ ಭಂಗಿಗೆ ಮರ್ಯಾದೆ ಹೆಚ್ಚು.

ಕಾಲು ಮುಂದಾಗಿ ಹುಟ್ಟಿದವರು ಬೆನ್ನು ಮೆಟ್ಟಿದರೆ ಸೊಂಟದ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕೋಟೇಶ್ವರದ ನಮ್ಮ ಹಳೆಯ ಮನೆಗೆ ಬೆಳಿಗ್ಗೆ ಬೆಳಿಗ್ಗೆಯೇ ಜನ ಬರುತ್ತಿದ್ದರು. ಹಲಸಿನಕಾಯಿ ಕೀಳಲು ಹೋಗಿ ಸೊಂಟ ಹಿಡಿದವರು, ನೀರಿನ ಕೊಡ ಎತ್ತಿ ಬಗ್ಗಿದಲ್ಲೇ ಉಳಿದವರು. ಖಾಲಿ ಹೊಟ್ಟೆಯಲ್ಲಿ ಜಗಲಿಯ ಮೇಲೆ ಪೂರ್ವಕ್ಕೆ ತಲೆ ಹಾಕಿ ಕವುಚಿ ಮಲಗುತ್ತಿದ್ದರು. ನಿದ್ದೆಗಣ್ಣಿನ ನನ್ನನ್ನು ಎತ್ತಿ ತಂದು, ಕಾಲು ತೊಳೆಸಿ, ಅವರ ಸೊಂಟದ ಮೇಲೆ ನಿಲ್ಲಿಸುತ್ತಿದ್ದರು. ನಾನು ಹಿಮ್ಮಡಿ ಒತ್ತಿ ಇಳಿಯುತ್ತಿದ್ದೆ. ಹಿರಿಯರ ಮೈಗೆ ಕಾಲು ತಾಗಿಸಿದ ಪಾಪಕ್ಕೆ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರೆ ಬಾಯಿಗೆ ಒಂದು ತುಂಡು ಕಲ್ಲುಸಕ್ಕರೆ. ನಾನು ಆಗ ಬೆಕ್ಕಿನ ಮರಿಯಷ್ಟು ಹಗುರ. ಯಾರಿಗೂ ಏನೂ ಆಗಲಿಲ್ಲ. ಉಳುಕು ತಾನಾಗಿಯೇ ವಾರದೊಳಗೆ ಹೋಗುವಂಥದ್ದು. ಹೋದಾಗ ಕೀರ್ತಿ ನನ್ನ ಹಿಮ್ಮಡಿಗೆ, ಹೋಗದಿದ್ದರೆ ತಪ್ಪು ಅವರ ಗ್ರಹಚಾರಕ್ಕೆ. ಇಷ್ಟು ಸುಖದ ವೈದ್ಯವೃತ್ತಿ ಇನ್ನೊಂದಿಲ್ಲ. ಕಾಲೇಜಿಗೆ ಸೇರಿದ ಮೇಲೆ ನಾನದನ್ನು ಬಿಟ್ಟೆ. ಜನ ಬಿಡಲಿಲ್ಲ.

ನನ್ನ ಅಣ್ಣನಿಗೆ ಬೈಂದೂರಿನಲ್ಲಿ ಹೆದ್ದಾರಿಯ ಬದಿಗೆ ಹೋಟೆಲಿದೆ. ಹೋಟೆಲಿನ ಹಿಂದೆಯೇ ಮನೆ. ಹರೆಯದಲ್ಲಿ ಮುಂಬೈಗೆ ಹೋಗಿ ದೋಸೆ ಕಾವಲಿಯ ಮುಂದೆ ನಿಂತವನು ಊರಿಗೆ ಬಂದ ಮೇಲೂ ನಿಂತೇ ಇದ್ದ. ಹಿಟ್ಟಿನ ಪಾತ್ರೆ ಎತ್ತುವುದು, ಅಕ್ಕಿ ಮೂಟೆ ಸರಿಸುವುದು ಎಲ್ಲ ತಾನೇ. ಬೇರೆಯವರು ಎತ್ತಿದರೆ ಹಿಟ್ಟು ಹುಳಿ ಬರುವುದಿಲ್ಲ ಎಂಬಂತೆ. ಬೆನ್ನುನೋವು ಶುರುವಾಗಿ ವರ್ಷಗಳೇ ಆಗಿದ್ದವು. ತೈಲ ಹಚ್ಚಿಸಿದ, ಬಿಸಿನೀರಿನ ಚೀಲ ಇಟ್ಟ, ಸೊಂಟಕ್ಕೆ ಪಟ್ಟಿ ಕಟ್ಟಿದ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನೋವು ಸೊಂಟದಿಂದ ಎಡಗಾಲಿಗಿಳಿದು ಹೆಬ್ಬೆರಳ ತುದಿಯವರೆಗೆ ಕರೆಂಟು ಹೊಡೆದ ಹಾಗೆ ಹೋಗತೊಡಗಿತು. ಅಣ್ಣ ಒಂದು ಬದಿಗೆ ವಾಲಿ ನಡೆಯುತ್ತಿದ್ದ. ಗಿರಾಕಿಗಳಿಗೆ ತಮಾಷೆ.

“ಹ್ವಾಯ್, ನೀವ್ ವಾಲಿದ್ರಿಯಾ, ಅಲ್ಲ ಹೋಟ್ಲೇ ವಾಲಿತ್ತಾ?”

“ಬಿಲ್ ಕೊಡುಕೆ ಎಲ್ಲ ಈ ಬದಿಗೆ ಬತ್ರಲೆ, ಅದ್ಕೆ ವಾಲಿದ್ದ್,” ಅಣ್ಣ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದ.

ಬ್ರಹ್ಮಾವರದಿಂದ ಇನ್ನೂ ದಕ್ಷಿಣಕ್ಕಿರುವ ದೊಡ್ಡಾಸ್ಪತ್ರೆಗೆ ಅವನನ್ನು ಕರೆದುಕೊಂಡು ಹೋದವಳು ನಾನು. ಸ್ಕ್ಯಾನಿಂಗ್ ಆಯಿತು. ಬೆನ್ನುಮೂಳೆಯ ಕೆಳಗಿನ ಎರಡು ಮಣಿಗಳ ನಡುವಿನ ಮೆತ್ತೆ ಹೊರಗೆ ಉಬ್ಬಿ ಬಂದು ನರವನ್ನು ಒತ್ತುತ್ತಿದೆ ಎಂದು ಸರ್ಜನ್ ತೋರಿಸಿದರು. ಆಪರೇಷನ್ ಮಾಡಿಸಿದರೆ ಕಾಲಿನ ನೋವು ಕಡಿಮೆಯಾಗುವ ಸಂಭವ ಹೆಚ್ಚು, ಬೆನ್ನಿನ ನೋವಿನ ಬಗ್ಗೆ ಅಷ್ಟು ಭರವಸೆ ಕೊಡಲಾರೆ ಎಂದರು. ಮಾಡಿಸದಿದ್ದರೆ ವ್ಯಾಯಾಮ, ಮಾತ್ರೆ, ಭಾರ ಎತ್ತದಿರುವುದು. ಅದರಲ್ಲೂ ಎಷ್ಟೋ ಜನಕ್ಕೆ ಗುಣವಾಗುತ್ತದೆ, ಅವಸರವಿಲ್ಲ, ಯೋಚಿಸಿ ಎಂದರು. ಕೊನೆಗೆ ಬೆರಳೆತ್ತಿ ಒಂದು ಮಾತು ಹೇಳಿದರು. ಪಾದ ಎತ್ತಲು ಬಾರದಿದ್ದರೆ, ಕುಳಿತ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಆಮೇಲೆ ಯೋಚನೆ ಗೀಚನೆ ಇಲ್ಲ, ಆ ಕೂಡಲೇ ಬರಬೇಕು. ತಡವಾದರೆ ಹೋದದ್ದು ವಾಪಸು ಬಾರದೆ ಇರಬಹುದು.

ಇಷ್ಟರಲ್ಲಿ ಅಣ್ಣ ಕೇಳಿಸಿಕೊಂಡದ್ದು “ಯೋಚಿಸಿ” ಎಂಬ ಒಂದು ಶಬ್ದವನ್ನು ಮಾತ್ರ. ಹೋಟೆಲಿಗೆ ಮರಳಿ ಅದನ್ನೇ ಹರಾಜಿಗಿಟ್ಟ.

“ನಿಮ್ಮಿಷ್ಟ ಅಂದ್ರ್ ಡಾಕ್ಟ್ರ್! ಎಂತ ಬೇಕ್ ಅಂದೇಳಿ ಗಿರಾಕಿ ಹೇಳುದ್ ನಮ್ ಹೋಟ್ಲಂಗೆ. ಆಸ್ಪತ್ರೆಯಂಗೂ ಹಾಂಗೇ ಆರೆ ಅವ್ರ್ ಓದಿದ್ದ್ ಎಂತಕ್ಕೆ?”

ಡಾಕ್ಟರು ಖಂಡಿತವಾಗಿ ಹೇಳದ ವಿಷಯವನ್ನು ಖಂಡಿತವಾಗಿ ಹೇಳಬಲ್ಲವರು ಅಂದಿನಿಂದ ಆ ಹೋಟೆಲಿನಲ್ಲಿ ನೆರೆಯತೊಡಗಿದರು. ಸ್ಕ್ಯಾನಿನ ಫಿಲ್ಮು ಮೇಜಿನಿಂದ ಮೇಜಿಗೆ ಹೋಯಿತು. ಟ್ಯೂಬ್‌ಲೈಟಿಗೆ ಹಿಡಿದು ನೋಡದವರಿಲ್ಲ. ಒಬ್ಬರು ತಲೆಕೆಳಗಾಗಿ ಹಿಡಿದು “ಮೇಲಿಂದು ಸರಿ ಇತ್ತ್, ಕೆಳಗಿಂದೇ ಹಾಳಾಯ್ತ್” ಎಂದು ತೀರ್ಪು ಕೊಟ್ಟರು. ಅಣ್ಣನ ಬೆನ್ನೆಲುಬಿನ ಮೇಲೆ ಗೋಳಿಬಜೆಯ ಎಣ್ಣೆಯ ಕಲೆ ಬಿತ್ತು. ಮಾರನೆಯ ದಿನ ನೋಡಿದವರು ಆ ಕಲೆಯನ್ನೇ ರೋಗವೆಂದು ಗುರುತಿಸಿದರು.

ಒಂದು ಭಾನುವಾರ ನಾನೇ ಅಲ್ಲಿದ್ದೆ. ದಿನಾ ಚಾ ಕುಡಿಯಲು ಬರುವ ಲಾರಿ ಡ್ರೈವರೊಬ್ಬರು ಬನ್ಸ್ ಮುರಿಯುತ್ತಾ ಹೇಳಿದರು, “ಬೆನ್ನಿನ ಆಪರೇಷನ್ ಮಾತ್ರ ಬೇಡ ಮರಾಯ್ರೆ. ನಮ್ ಬದಿಯಂಗೆ ಒಬ್ರ್ ಮಾಡ್ಸ್ಕಂಡಿರ್. ಹೋಪತಿಗೆ ನಡ್ಕಂಡ್ ಹೋಯಿರ್, ಬಪ್ಪತಿಗೆ ಹೊತ್ಕಂಡ್ ಬಂದಿರ್.”

“ಯಾರವರು?” ನಾನು ಕೇಳಿದೆ.

“ನಂಗ್ ಗೊತ್ತಿಲ್ಲೆ. ಹೇಳ್ದವ್ರಿಗ್ ಗೊತ್ತಿತ್ತ್.”

“ಹೇಳಿದವರು ಯಾರು?”

“ಹೀಂಗೇ ಒಂದ್ ಹೋಟ್ಲಂಗೆ ಕೂತ್ಕಂಡಿರ್.”

ಈ ಹೆಸರಿಲ್ಲದ, ಜನ ಹೊತ್ತುಕೊಂಡು ಬಂದ ಮನುಷ್ಯ ನಮ್ಮ ಜಿಲ್ಲೆಯ ಪ್ರತಿ ಹೋಟೆಲಿನಲ್ಲೂ ಇದ್ದಾನೆ. ಅವನನ್ನು ಕಂಡವರು ಯಾರೂ ಇಲ್ಲ, ಅವನ ಮಾತು ಮೀರಿದವರೂ ಇಲ್ಲ.

ಈ ಸಭೆಯ ಅಧ್ಯಕ್ಷತೆ ನಮ್ಮ ಮಾವನದು, ಅಮ್ಮನ ತಮ್ಮ. ಸಾಲಿಗ್ರಾಮದಲ್ಲಿ ಅಂಗಡಿ ಇಟ್ಟುಕೊಂಡು, ಅಂಗಡಿಯಲ್ಲಿ ಕೂರುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸ ಮಾಡುವವರು. ಅಂದೂ ಬಸ್ಸು ಹತ್ತಿ ಬಂದಿದ್ದರು. ಐವತ್ತು ದಾಟಿದ ಅಣ್ಣ ಅವರಿಗೆ ಈಗಲೂ ಮಾಣಿ.

“ಬೆನ್ನಿಗ್ ಚೂರಿ ಹಾಕ್ಸ್ಕಂಬುದ್ ಬೇಡ ಮಾಣಿ. ಒಂದ್ ನರ ತಪ್ರೆ ಜನ್ಮಪೂರ್ತಿ ಮನಿಕಂಡೇ. ಮನ್ಯಂಗೇ ಮದ್ದಿತ್ತಲೆ!” ಎಂದು ನನ್ನ ಮುಖವನ್ನಲ್ಲ, ಪಾದಗಳನ್ನು ನೋಡಿದರು. “ಮದ್ದ್ ಹೋಯಿ ಬ್ರಹ್ಮಾವರದಂಗೆ ಪಾಠ ಮಾಡ್ತಾ ಕೂತಿತ್ತ್.”

“ಮಾವ, ಇದ್ ಉಳುಕಲ್ಲ. ಒಳಗಿನ ಮೆತ್ತೆ ಹೊರಗ್ ಬಂದ್ ನರ ಒತ್ತುತಾ ಇತ್ತ್.”

“ನಾನೂ ಅದನ್ನೇ ಅಲ್ದಾ ಹೇಳುದ್? ಹೊರಗ್ ಬಂದದ್ದನ್ ಮೆಟ್ಟಿ ಒಳಗ್ ಹಾಕುದ್.”

ಮೇಜುಗಳೆಲ್ಲ ತಲೆದೂಗಿದವು. ಪದವಿಯಲ್ಲಿ ಕಪ್ಪೆಯ ಬೆನ್ನೆಲುಬು ಬಿಡಿಸಿ ನೋಡಿದವಳು ನಾನು. ಕಪ್ಪೆಯನ್ನು ಯಾರೂ ಮೆಟ್ಟಿ ಗುಣಪಡಿಸಿದ್ದನ್ನು ಪುಸ್ತಕದಲ್ಲಿ ಬರೆದಿರಲಿಲ್ಲ.

“ನಾ ಮೆಟ್ಟುದಿಲ್ಲ. ನನ್ ಭಾರ ಕಂಡಿದ್ರಿಯಾ?” ಎಂದೆ. ಕಲ್ಲುಸಕ್ಕರೆಯ ಕಾಲ ಹೋಗಿ ದಶಕಗಳಾಗಿತ್ತು. ನನ್ನ ಮನೆಯ ಪ್ಲಾಸ್ಟಿಕ್ ಕುರ್ಚಿಗಳೇ ನನ್ನನ್ನು ಕಂಡು ಹೆದರುತ್ತವೆ.

“ಭಾರ ಇದ್ರೆ ಮತ್ತೂ ಒಳ್ಳೇದ್,” ಎಂದರು ಮಾವ.

ಅಂದು ಅದು ಅಲ್ಲಿಗೆ ನಿಂತಿತು. ಕೆಲವು ವಾರ ಕಳೆದು ಅಮ್ಮ ಫೋನು ಮಾಡಿದರು. ಅಮ್ಮ ಅಣ್ಣನೊಟ್ಟಿಗೇ ಇರುವುದು. ಹೋಟೆಲಿನ ಚಟ್ನಿಗೆ ಉಪ್ಪು ನೋಡುವ ಅಧಿಕಾರ ಈಗಲೂ ಅವರದೇ. ಅವರ ಬಾಯಲ್ಲಿ ನಾನು ಇನ್ನೂ ‘ಹೆಣೆ’, ಚಿಕ್ಕ ಹುಡುಗಿ. “ಅಣ್ಣ ಆಪರೇಷನ್ನಿಗೆ ಒಪ್ಪಿದ ಹೆಣೆ. ನೀ ಆಯ್ತವಾರ ಬೆಳಿಗ್ಗೆ ಬೇಗ ಬಾ. ಮಾತಾಡ್ಕಂಡ್ ದಿನ ಗೊತ್ ಮಾಡುವ,” ಎಂದರು. ನಾನು ಭಾನುವಾರ ಖುಷಿಯಿಂದ ಮೊದಲ ಬಸ್ಸಿಗೆ ಹೊರಟೆ. ಕುಂದಾಪುರದಲ್ಲಿ ಬಸ್ಸು ಬದಲಾಯಿಸಿದೆ. ಮರವಂತೆಯಲ್ಲಿ ಕಿಟಕಿಯಿಂದ ಕಡಲು ನೋಡುತ್ತಾ, ಓದಿದ್ದಕ್ಕೂ ಒಂದು ಬೆಲೆ ಇದೆಯಲ್ಲ, ಅಂತೂ ನನ್ನ ಮಾತು ಕೇಳಿದರಲ್ಲ ಎಂದು ಬೀಗಿದೆ.

ಮನೆಯ ಮೆಟ್ಟಿಲ ಬಳಿ ಒಂದು ಚೆಂಬು ನೀರು ಇಟ್ಟಿತ್ತು. ಒಳಗೆ ನಡುಮನೆಯಲ್ಲಿ ಚಾಪೆ ಹಾಸಿತ್ತು, ಪೂರ್ವಕ್ಕೆ ತಲೆ ಬರುವ ಹಾಗೆ. ಅಣ್ಣ ಅಂಗಿ ಬಿಚ್ಚಿ ಲುಂಗಿಯಲ್ಲಿ ಕೂತಿದ್ದ, ಖಾಲಿ ಹೊಟ್ಟೆಯಲ್ಲಿ.

“ಆಪರೇಷನ್ನಿಗೆ ಒಪ್ಪಿದ್ದು ಹೌದಾ?” ಎಂದೆ.

“ಒಪ್ಪಿದ್ದ್ ಹೌದ್,” ಎಂದಳು ಅತ್ತಿಗೆ. “ಅದ್ಕಿಂತ ಮುಂಚೆ ನೀ ಒಂದ್ಸಲ ಮೆಟ್ಟಿ ಕಾಣ್ ಮಾರಾಯ್ತಿ. ಗುಣ ಆಗ್ದಿರೆ ಸೀದಾ ಆಸ್ಪತ್ರೆಗೇ ಹೋಪುದ್.”

ಶಸ್ತ್ರಚಿಕಿತ್ಸೆಗೆ ಮೊದಲು ಎರಡನೆಯ ವೈದ್ಯರ ಅಭಿಪ್ರಾಯ ಕೇಳಬೇಕು ಎಂದು ತಿಳಿದವರು ಹೇಳುತ್ತಾರಲ್ಲ, ಆ ಎರಡನೆಯ ವೈದ್ಯ ನನ್ನ ಹಿಮ್ಮಡಿ. ನಾನು ಚೆಂಬಿನ ನೀರು ಮುಟ್ಟಲಿಲ್ಲ. ಡಾಕ್ಟರು ಬೆರಳೆತ್ತಿ ಹೇಳಿದ ಮಾತನ್ನು ಮತ್ತೆ ಅವರೆಲ್ಲರ ಮುಂದೆ ಹೇಳಿದೆ, ಪಾದ, ಕುಳಿತ ಜಾಗ, ಮೂತ್ರ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಕೇಳುವಷ್ಟು ಶ್ರದ್ಧೆಯಿಂದ ಕೇಳಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಊರಿನವ್ರಿಗೆಲ್ಲ ಮೆಟ್ಟಿದ್ದೆ, ಒಡಹುಟ್ಟಿದವ್ನಿಗೆ ಆತಿಲ್ಲೆ ಅಂಬುದಾ?” ಎಂದರು.

ಆಗ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಒಬ್ಬ ಬಂದ. ಅತ್ತಿಗೆಯ ಚಿಕ್ಕಪ್ಪನ ಮಗ, ವಂಡ್ಸೆಯವನು. ಮೂವತ್ತರ ಆಸುಪಾಸಿನ, ಕಬಡ್ಡಿ ಆಡಿ ಬೆಳೆದ, ಬಾಗಿಲಿಗೆ ಸ್ವಲ್ಪ ಓರೆಯಾಗಿ ಒಳಬರಬೇಕಾದ ಆಳು. ಅವನೂ ಕಾಲು ಮುಂದಾಗಿ ಹುಟ್ಟಿದವನಂತೆ. ನಾನು ಒಪ್ಪದಿದ್ದರೆ ಇರಲಿ ಎಂದು ಅತ್ತಿಗೆ ಹಿಂದಿನ ದಿನವೇ ಹೇಳಿ ಕಳಿಸಿದ್ದಳು. ರೋಗಿ ಖಾಲಿ ಹೊಟ್ಟೆಯಲ್ಲಿದ್ದರೆ ವೈದ್ಯ ಕೊಟ್ಟೆ ಕಡುಬು ಮುಗಿಸಿಕೊಂಡೇ ಬಂದಿದ್ದ.

“ಅಕ್ಕ, ನೀವ್ ಹೆದ್ರ್ಕಣ್ಬೇಡಿ. ನಾ ಎಷ್ಟೋ ಜನ್ರಿಗ್ ಮೆಟ್ಟಿದ್ದೆ. ಮೆಟ್ಟಿಸ್ಕಂಡವ್ರ್ ಎದ್ದ್ ಓಡಿರ್.”

“ಓಡಿದ್ದು ನಿನ್ನಿಂದ ತಪ್ಪಿಸಿಕೊಳ್ಳಲಿಕ್ಕಾ?” ಎಂದೆ. ನಾನು ಚಾಪೆಯ ಮುಂದೆ ನಿಂತೆ. ಅಣ್ಣನೇ ನನ್ನ ಕೈ ಹಿಡಿದು ಬದಿಗೆ ಸರಿಸಿದ. “ನೀ ಸುಮ್ನಿರ್ ಹೆಣೆ. ಬೆನ್ನ್ ನಂದ್. ಈ ನೋವ್ ಹೊತ್ಕಂಡ್ ನಂಗ್ ಸಾಕಾಯ್ತ್. ಅಲ್ಲಿಗ್ ಹೋಪುಕೆ ಹೆದ್ರಿಕೆ, ಹೋಗ್ದೆ ಇಪ್ಪುಕೂ ಹೆದ್ರಿಕೆ. ಇದೊಂದ್ ಆಯ್ಲಿ.”

ಅಷ್ಟು ದಿನಗಳಲ್ಲಿ ಅವನು ಹೇಳಿದ ನಿಜವಾದ ಮಾತು ಅದೊಂದೇ ಇರಬೇಕು. ಆ ಮಾತಿಗೆ ನಾನು ಒಂದು ಕ್ಷಣ ತಡವರಿಸಿದ್ದರಲ್ಲೇ ಅವನು ಕವುಚಿ ಮಲಗಿಯಾಗಿತ್ತು.

ಆಮೇಲಿನದನ್ನು ನಾನು ಕಣ್ಣು ಮುಚ್ಚಿದರೂ ನೋಡುತ್ತೇನೆ, ಕ್ಲಾಸಿನಲ್ಲಿ ಬೋರ್ಡಿಗೆ ಬರೆಯುವಾಗಲೂ ನೋಡುತ್ತೇನೆ. ತೊಳೆದ ದೊಡ್ಡ ಪಾದ. ಅದರಿಂದ ಚಾಪೆಗೆ ತೊಟ್ಟಿಕ್ಕಿದ ನೀರು. ಮೊದಲ ಸಲ ಮೆಲ್ಲಗೆ, ಎರಡನೆಯ ಸಲ ಇನ್ನಷ್ಟು. ಮೂರನೆಯ ಸಲ ಇನ್ನೊಂದು ಕಾಲನ್ನೂ ನೆಲದಿಂದ ಎತ್ತಿ ಇಡೀ ಭಾರ ಬಿಟ್ಟ. ಏನೋ ಸದ್ದಾಯಿತು. ಚಾಪೆಯದ್ದು ಎಂದು ಅತ್ತಿಗೆ ಈಗಲೂ ಹೇಳುತ್ತಾಳೆ. ಇರಬಹುದು. ಅಣ್ಣ ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಗದ್ದವನ್ನು ಚಾಪೆಗೊತ್ತಿ ಆಶ್ಚರ್ಯದಿಂದ ಹೇಳಿದ:

“ಹೋಯ್ತ್!”

“ಎಂತ ಹೋಯ್ತ್ ಮಗಾ?” ಅಮ್ಮ ಬಗ್ಗಿದರು.

“ನೋವ್! ಕಾಲಂಗೆ ನೋವೇ ಇಲ್ಲೆ!”

ಮನೆಯಲ್ಲಿ ಹಬ್ಬವಾಯಿತು. ಅತ್ತಿಗೆ ಪಾಯಸಕ್ಕೆ ಕಾಯಿ ಒಡೆದಳು. ವಂಡ್ಸೆಯವನು ಅಣ್ಣನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ನನ್ನ ಕಡೆ ನೋಡಿದ, ಪರೀಕ್ಷೆಯಲ್ಲಿ ಮೊದಲು ಬಂದವನು ಮೇಷ್ಟ್ರನ್ನು ನೋಡುವ ಹಾಗೆ. ಅಮ್ಮ ಸಾಲಿಗ್ರಾಮಕ್ಕೆ ಫೋನು ಹಚ್ಚಿ ಮಾವನಿಗೆ ಶುಭವಾರ್ತೆ ಮುಟ್ಟಿಸಿದರು. ಸ್ಪೀಕರಿನಲ್ಲಿ ಮಾವನ ಧ್ವನಿ ಮನೆಯಿಡೀ ತುಂಬಿತು. “ನಾ ಎಂತ ಹೇಳಿದ್ದೆ? ಡಾಕ್ಟ್ರಿಗ್ ಒಂದ್ ಫೋನ್ ಮಾಡಿ ಹೇಳಿ ಕಾಂಬ, ಅವ್ರೂ ಕಲೀಲಿ!”

ಅಣ್ಣ ಗೋಡೆ ಹಿಡಿದು ಎದ್ದ. ಮುಖ ತೊಳೆದು ಬರುತ್ತೇನೆಂದು ಚಪ್ಪಲಿ ಮೆಟ್ಟಿ ಅಂಗಳದಾಚೆಯ ಬಚ್ಚಲಿಗೆ ಹೋದ. ತುಸು ತೂರಾಡುತ್ತಿದ್ದ. ಹಸಿವಿಗೆ ಎಂದರು ಅಮ್ಮ. ಹೋದವನು ಬೇಗ ಬರಲಿಲ್ಲ. ಬಂದಾಗ ನಗುತ್ತಲೇ ಇದ್ದ.

“ಮೂತ್ರ ಬತ್ತಿಲ್ಲೆ ಮರಾಯ್ತಿ. ಬೆಳಿಗ್ಗಿಂದ ನೀರೇ ಕುಡೀಲಿಲ್ಲ ಅಲ್ದಾ.”

ಅಮ್ಮ ಕೂಡಲೇ ಎಳನೀರು ತಂದರು. ಅದನ್ನು ಕುಡಿದ. ಇನ್ನೊಂದು ತಂದರು. ನಾನು ಅಂಗಳ ನೋಡುತ್ತಿದ್ದೆ. ಅಂಗಳದ ನಡುವೆ ಅವನ ಎಡಗಾಲಿನ ಹವಾಯಿ ಚಪ್ಪಲಿ ಒಂಟಿಯಾಗಿ ಬಿದ್ದಿತ್ತು. ಕೆಂಪುಕಲ್ಲಿನ ಮೆಟ್ಟಿಲ ಮೇಲೆ ನೆತ್ತರಿನ ಸಣ್ಣ ಗೆರೆಯಿತ್ತು. ಅಣ್ಣನ ಎಡ ಹೆಬ್ಬೆರಳಿನ ಉಗುರು ಕಿತ್ತಿತ್ತು. ಅವನು ಎಳನೀರಿನ ಗಂಜಿ ಕೆರೆದು ತಿನ್ನುತ್ತಿದ್ದ.

“ಅಣ್ಣ, ನಿನ್ ಚಪ್ಪಲಿ ಎಲ್ಲಿತ್ತ್?”

“ಕಾಲಂಗೇ ಇತ್ತಲೆ.”

ನೋಡಿಕೊಂಡ. ನಗು ಸ್ವಲ್ಪ ಕುಂದಿತು. ಹೇಗೆ ಕೇಳಿದೆನೋ ಗೊತ್ತಿಲ್ಲ, ತಂಗಿ ಅಣ್ಣನಿಗೆ ಕೇಳುವ ಪ್ರಶ್ನೆಯಲ್ಲ, ಆದರೂ ಕೇಳಿದೆ: ಕೂತದ್ದು ಗೊತ್ತಾಗುತ್ತಿದೆಯಾ ಎಂದು.

“ಅದೇ ಕಾಣ್, ಹತ್ತಿ ಮೇಲೆ ಕೂತಾಂಗೆ ಇತ್ತ್,” ಎಂದ. ಅವನು ಕೂತದ್ದು ಮರದ ಸ್ಟೂಲಿನ ಮೇಲೆ.

ನೋವು ಹೋದದ್ದು ಹೇಗೆಂದು ನನಗೆ ಆಗ ಗೊತ್ತಾಯಿತು. ಮನೆಗೆ ಬೆಂಕಿ ಬಿದ್ದಾಗ ಕೂಗುತ್ತಿದ್ದವನ ಬಾಯಿ ಕಟ್ಟಿದರೆ ಮನೆ ಶಾಂತವಾಗುತ್ತದಲ್ಲ, ಹಾಗೆ.

ಅಣ್ಣನ ಕಾರಿನ ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿ, ತಲೆಯನ್ನು ಅಮ್ಮ ತೊಡೆಯ ಮೇಲಿಟ್ಟುಕೊಂಡರು. ಅತ್ತಿಗೆ ಒಲೆಯ ಮೇಲಿನ ಪಾಯಸ ಇಳಿಸಿ, ಬಾಗಿಲು ಹಾಕಿ ಬಸ್ಸಿಗೆ ಬರುತ್ತೇನೆಂದಳು. ಕಾರು ಓಡಿಸಲು ಬರುತ್ತಿದ್ದವನು ವಂಡ್ಸೆಯವನೊಬ್ಬನೇ. “ಅಕ್ಕ, ನಾ ಜೋರ್ ಮೆಟ್ಲಿಲ್ಲ. ದೇವ್ರಾಣೆ ಜೋರ್ ಮೆಟ್ಲಿಲ್ಲ,” ಎಂದು ಮರವಂತೆಯವರೆಗೂ ಹೇಳುತ್ತಿದ್ದ. ಎಡಕ್ಕೆ ಹೊಳೆ, ಬಲಕ್ಕೆ ಕಡಲು. ಬೆಳಿಗ್ಗೆ ಇದೇ ಕಡಲನ್ನು ನೋಡಿ ಬೀಗಿದ್ದೆ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿದರೆ ಅವನು ಕಾರನ್ನು ಕಡಲಿಗೆ ಇಳಿಸುತ್ತಿದ್ದ.

ಕುಂದಾಪುರದ ಫ್ಲೈಓವರ್ ಇಳಿಯುವಾಗ, ಅತ್ತಿಗೆಯಿಂದ ಸುದ್ದಿ ತಿಳಿದ ಮಾವನ ಫೋನು ಬಂತು. ಅವಸರ ಮಾಡಬೇಡಿ ಎಂದರು. ಸಾಲಿಗ್ರಾಮದಲ್ಲಿ ಗಾಡಿ ನಿಲ್ಲಿಸಿ, ತಾನೂ ಬರುತ್ತೇನೆ, ದೇವಸ್ಥಾನದಲ್ಲಿ ಪ್ರಸಾದ ಕೇಳಿಯೇ ಹೋಗೋಣ, ದೇವರ ಬಲಬದಿಯ ಹೂವು ಬಿದ್ದರೆ ಆಸ್ಪತ್ರೆ, ಎಡಬದಿಯದು ಬಿದ್ದರೆ ವಾಪಸು.

“ಅಷ್ಟ್ ಹೊತ್ತ್ ಎಂತ ಆತಿಲ್ಲೆ. ನಿಲ್ಸಿ,” ಎಂದರು ಅಮ್ಮ.

“ನಿಲ್ಸ್, ಒಂದ್ಗಳಿಗೆ ಅಲ್ದಾ,” ಎಂದ ಅಣ್ಣ ಹಿಂದಿನಿಂದ. ಅವನಿಗೆ ಆಸ್ಪತ್ರೆ ಒಂದು ಗಳಿಗೆ ತಡವಾದರೂ ಲಾಭವೇ.

ಸಾಲಿಗ್ರಾಮ ಬಂತು. ಹೆದ್ದಾರಿಯ ಬದಿಯಲ್ಲಿ ಮಾವ ಬಿಳಿ ಪಂಚೆ ಉಟ್ಟು, ಕಂಕುಳಲ್ಲಿ ಕೊಡೆ, ಕೈಯಲ್ಲಿ ಹೂವು ಹಣ್ಣಿನ ಚೀಲ ಹಿಡಿದು, ಬಸ್ಸಿಗೆ ಅಡ್ಡಹಾಕುವ ಹಾಗೆ ಕೈ ಚಾಚಿ ನಿಂತಿದ್ದರು.

“ಅಕ್ಕ, ನಿಲ್ಸುದಾ?”

“ನಿಲ್ಸಿದ್ರೆ ನಿನ್ ಬೆನ್ ಮೆಟ್ಟುದ್ ನಾನ್.”

ಅವನು ಇನ್ನೂ ಜೋರಾಗಿ ಓಡಿಸಿದ. ಮಾವನ ಚಾಚಿದ ಕೈ, ತೆರೆದ ಬಾಯಿ, ಗಾಳಿಗೆ ಹಾರಿದ ಪಂಚೆಯ ಅಂಚು ಕಿಟಕಿಯಲ್ಲಿ ಹಾದುಹೋದವು. ಅವರನ್ನು ದಾರಿ ಬದಿಯಲ್ಲಿ ಬಿಟ್ಟು ಹೋದದ್ದು ಆ ದಿನದ ಮುಖ್ಯ ದುರಂತವೆಂದು ನೆಂಟರಲ್ಲಿ ಇಂದಿಗೂ ಮಾತಿದೆ.

ಆಸ್ಪತ್ರೆಯಲ್ಲಿ ಮೊದಲು ಮೂತ್ರಕ್ಕೆ ನಳಿಗೆ ಹಾಕಿದರು. ಮತ್ತೆ ಸ್ಕ್ಯಾನಿಂಗ್ ಆಯಿತು. ಅದೇ ಸರ್ಜನ್ ಬಂದು, ಮೆತ್ತೆಯ ದೊಡ್ಡ ತುಂಡೊಂದು ಕಳಚಿ ನರಗಳ ಇಡೀ ಕಟ್ಟನ್ನೇ ಒತ್ತಿ ಹಿಡಿದಿದೆ, ಈಗಲೇ ಆಪರೇಷನ್ ಮಾಡಬೇಕು ಎಂದರು. “ಯೋಚಿಸಿ” ಎಂಬ ಶಬ್ದ ಈ ಸಲ ಅವರ ಬಾಯಲ್ಲಿ ಬರಲಿಲ್ಲ. ಆದರೂ ಒಪ್ಪಬೇಕಾದವನು ಅಣ್ಣನೇ. ಅವನಿಗೆ ಪೂರ್ಣ ಪ್ರಜ್ಞೆಯಿತ್ತು.

ಅಷ್ಟರಲ್ಲಿ ಮಾವ ಬಸ್ಸು ಹಿಡಿದು, ಕೊಡೆ ಸಮೇತ ಬಂದು ಮುಟ್ಟಿದರು. ನನ್ನನ್ನು ನೋಡಲಿಲ್ಲ. ಮಂಚದ ಬದಿಗೆ ಬಗ್ಗಿ, “ಮಾಣಿ, ಇವತ್ತ್ ಅಮಾಸೆ. ನಾಳೆ ಮಾಡ್ಸುವ. ನೋವೇ ಇಲ್ಲೆ ಅಂದ ಮೇಲೆ ಎಂತ ಅರ್ಜೆಂಟ್?” ಎಂದರು.

ಅಣ್ಣನ ಕಣ್ಣಲ್ಲಿ ಆಸೆ ಮೂಡಿದ್ದನ್ನು ಕಂಡೆ. ನಾಳೆ ಎಂಬ ಶಬ್ದ ಅವನಿಗೆ ಅಷ್ಟು ಪ್ರಿಯ. ಎಷ್ಟೋ ವರ್ಷ ಅವನು ಬೆನ್ನಿಗೆ ಹಚ್ಚಿದ್ದು ತೈಲವನ್ನಲ್ಲ, ಆ ಶಬ್ದವನ್ನೇ. “ಹೌದಲ್ದಾ... ನೋವಿಲ್ಲೆ...” ಎಂದು ನನ್ನ ಕಡೆ ತಿರುಗಿದ. “ನೀ ಎಂತ ಹೇಳ್ತೆ ಹೆಣೆ?”

ನಾನು ಮಂಚದ ಕಾಲಬದಿಗೆ ಹೋಗಿ ಹೊದಿಕೆಯೊಳಗೆ ಕೈ ಹಾಕಿದೆ.

“ಕಣ್ ಮುಚ್ಚ್. ನಾ ಎಲ್ಲಿ ಮುಟ್ಟಿದ್ದೆ ಹೇಳ್.”

ಮುಚ್ಚಿದ. ಕಾದ. “ಬೇಗ ಮುಟ್ಟ್,” ಎಂದ.

ನಾನು ಅವನ ಎಡ ಅಂಗಾಲಿಗೆ ಹೆಬ್ಬೆರಳಿನ ಉಗುರು ಊರಿ ಒತ್ತುತ್ತಿದ್ದೆ. ಚರ್ಮ ಬಿಳಿಚಿಕೊಂಡಿತ್ತು.

“ಮುಟ್ಟ್ ಮಾರಾಯ್ತಿ, ಎಂತ ಕಾಯ್ತಾ ಇದ್ದೆ?”

ಅವನು ಕಣ್ಣು ತೆರೆದು ತಲೆಯೆತ್ತಿ ನೋಡಿದ. ನನ್ನ ಉಗುರನ್ನು, ತನ್ನ ಪಾದವನ್ನು. ತುಂಬ ಹೊತ್ತು ನೋಡಿದ, ಬೇರೆ ಯಾರದೋ ಪಾದವನ್ನು ತನ್ನ ಹಾಸಿಗೆಯಲ್ಲಿ ಕಂಡವನ ಹಾಗೆ. ನಂತರ ತಲೆ ದಿಂಬಿಗೆ ಇಟ್ಟು, ಸರ್ಜನ್ನರ ಕಡೆ ನೋಡದೆ, ಮೇಲಿನ ಫ್ಯಾನಿಗೆ ಹೇಳಿದ: “ಮಾಡಿ.”

“ಅಮಾಸೆ...” ಎಂದರು ಮಾವ.

“ನೀವ್ ಹೊರಗ್ ಕೂಕಣಿ ಮಾವ.” ಅಣ್ಣ ಜೀವಮಾನದಲ್ಲಿ ಅವರಿಗೆ ಹಾಗೆ ಹೇಳಿದ್ದು ಅದೇ ಮೊದಲು.

ಆಪರೇಷನ್ ಆಯಿತು. ಅಣ್ಣನನ್ನು ಯಾರೂ ಹೊತ್ತುಕೊಂಡು ಬರಲಿಲ್ಲ, ಕೆಲವು ದಿನದ ಮೇಲೆ ಊರುಗೋಲು ಹಿಡಿದು ನಡೆದುಕೊಂಡೇ ಬಂದ. ನಳಿಗೆ ತೆಗೆಯಲು ವಾರಗಳು ಹಿಡಿದವು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮರಗಟ್ಟತೊಡಗಿದ್ದ ಬಲಗಾಲು ಸರಿಯಾಯಿತು. ಎಡಪಾದ ಈಗಲೂ ಪೂರ್ತಿ ಮೇಲೇಳುವುದಿಲ್ಲ, ಅದಕ್ಕೊಂದು ಪಟ್ಟಿ ಕಟ್ಟಿ ಬೂಟು ಹಾಕುತ್ತಾನೆ. ಕುಳಿತ ಜಾಗದ ಹತ್ತಿ ಪೂರ್ತಿ ಹೋಗಿಲ್ಲ. ಹೋಗಬಹುದು, ಹೋಗದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಮೆಟ್ಟಿದ್ದರಿಂದಲೇ ಹೀಗಾಯಿತಾ ಎಂದು ನಾನು ಅವರನ್ನು ಕೇಳಿದೆ. ಮೊದಲೇ ಹೊರಗೆ ಬಂದಿದ್ದ ಮೆತ್ತೆ, ಸೀನಿದರೂ ಕಳಚುತ್ತಿತ್ತೋ ಏನೋ, ಖಂಡಿತ ಹೇಳಲಾರೆ. ಆದರೆ ಮೆಟ್ಟಬಾರದಿತ್ತು ಎಂದರು. ಮನೆಯವರು ಈ ಮಾತಿನ ಮೊದಲ ಅರ್ಧವನ್ನು ಮಾತ್ರ ಬೈಂದೂರಿಗೆ ಒಯ್ದರು.

ಆಮೇಲೆ ತನಿಖೆ ನಡೆಯಿತು. ಬೆನ್ನು ಮೆಟ್ಟಿಸುವುದು ಸರಿಯೋ ತಪ್ಪೋ ಎಂಬುದರ ಬಗ್ಗೆಯಲ್ಲ. ವಂಡ್ಸೆಯವನ ಹುಟ್ಟಿನ ಬಗ್ಗೆ. ಮಾವ ಖುದ್ದಾಗಿ ವಂಡ್ಸೆಗೆ ಹೋಗಿ ಅವನ ತಾಯಿಯನ್ನು ವಿಚಾರಿಸಿ ಬಂದರು. ಗರ್ಭದಲ್ಲಿ ಕಾಲು ಕೆಳಗಿದ್ದದ್ದು ಹೌದಂತೆ. ಆದರೆ ಹಾಗೆ ಹೆರಿಗೆಯಾಗುವುದು ಅಪಾಯವೆಂದು ಕುಂದಾಪುರದಲ್ಲಿ ಹೊಟ್ಟೆ ಕೊಯ್ದು ತೆಗೆದರಂತೆ.

“ಆಪರೇಷನ್ನಂಗೆ ಹುಟ್ಟಿದವ ಅಂಬ್ರ್!” ಮಾವ ಹೋಟೆಲಿನ ನಡುವೆ ನಿಂತು ಘೋಷಿಸಿದರು. “ಅವ್ನ್ ಕಾಲಿಗ್ ಶಕ್ತಿ ಎಲ್ಲಿಂದ ಬಪ್ಪುದ್?”

ಹೊಟ್ಟೆ ಕೊಯ್ದದ್ದರಿಂದಲೇ ಅವನೂ ಅವನ ತಾಯಿಯೂ ಬದುಕಿ ಉಳಿದರೋ ಏನೋ ಎಂದು ನಾನು ಹೇಳಿದೆ. ಆ ಹೊತ್ತಿಗೆ ಎಲ್ಲರೂ ನಿಟ್ಟುಸಿರು ಬಿಟ್ಟಾಗಿತ್ತು. ನಂಬಿಕೆ ಉಳಿಯಿತು, ಆಳು ಸುಳ್ಳು. ಅಲ್ಲಿಂದ ಮುಂದಿನ ಹೆಜ್ಜೆ ಸಲೀಸು: ಅಸಲಿ ಹಿಮ್ಮಡಿ ಇದ್ದವಳು ಒಪ್ಪಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ. ಅಮ್ಮ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೋದಾಗ ಚಾ ಕೊಟ್ಟು, ನನ್ನ ಪಾದ ನೋಡಿ, ನಿಟ್ಟುಸಿರಿಡುತ್ತಾರೆ. ವಂಡ್ಸೆಯವನು ಈಗ ಯಾರಿಗೂ ಮೆಟ್ಟುವುದಿಲ್ಲ. ಹ್ವಾಯ್ ಎಂದು ಕರೆದರೂ ಅಣ್ಣನ ಹೋಟೆಲಿನ ಮುಂದೆ ಬೈಕು ನಿಲ್ಲಿಸುವುದಿಲ್ಲ. ಇಡೀ ಪ್ರಕರಣದಲ್ಲಿ ಏನಾದರೂ ಕಲಿತವನು ಅವನೊಬ್ಬನೇ.

ಅಣ್ಣ ಈಗ ಕಾವಲಿಯ ಮುಂದೆ ನಿಲ್ಲುವುದಿಲ್ಲ, ದುಡ್ಡಿನ ಗಲ್ಲೆಯ ಹಿಂದೆ ಮೆತ್ತನೆಯ ಕುರ್ಚಿ ಹಾಕಿ ಕೂರುತ್ತಾನೆ. ಬೆನ್ನುನೋವಿನ ಬಗ್ಗೆ ಆ ಹೆದ್ದಾರಿಯ ಸರ್ವೋಚ್ಚ ನ್ಯಾಯಾಲಯ ಅವನೇ. ಸೊಂಟಕ್ಕೆ ಕೈ ಕೊಟ್ಟು ಒಳಬಂದವರನ್ನು ಬದಿಗೆ ಕರೆದು ಅಂಗಿ ಎತ್ತಿ ಗಾಯದ ಗುರುತು ತೋರಿಸುತ್ತಾನೆ. ಅವನು ಏನು ಹೇಳುತ್ತಾನೆಂದು ನನಗೆ ಗೊತ್ತಿರಲಿಲ್ಲ. ಹೋದ ವಾರ ಸ್ಟಾಫ್ ರೂಮಿನಲ್ಲಿದ್ದಾಗ ಗುರುತಿಲ್ಲದ ಒಂದು ನಂಬರಿನಿಂದ ಕರೆ ಬಂದಾಗ ಗೊತ್ತಾಯಿತು.

“ಹ್ವಾಯ್, ಟೀಚರ್ ಅಲ್ದಾ? ಬೈಂದೂರ್ ಹೋಟ್ಲಿನವ್ರ್ ನಂಬರ್ ಕೊಟ್ಟಿರ್. ಬೆನ್ನಿಗ್ ಆಪರೇಷನ್ ಮಾಡ್ಸ್ಕಣಿ, ಹೆದ್ರ್ಕಣ್ಬೇಡಿ, ಆದ್ರೆ ಅದ್ಕಿಂತ ಮುಂಚೆ ಒಂದ್ಸಲ ನನ್ ತಂಗಿ ಹತ್ರ ಮೆಟ್ಟಿಸ್ಕಂಡ್ ಕಾಣಿ, ಅದ್ ಅಸ್ಲಿ ಅಂದ್ರ್. ನಾ ಯಾವತ್ತ್ ಬಪ್ಪುದ್?”

ಕಿಟಕಿಯಾಚೆ ಮಕ್ಕಳು ಚಪ್ಪಲಿಗಳನ್ನು ಸಾಲಾಗಿ ಬಿಟ್ಟು ಬರಿಗಾಲಲ್ಲಿ ಆಡುತ್ತಿದ್ದರು.

“ನೋವು ಕಾಲಿಗೆ ಇಳಿದಿದೆಯಾ?”

“ಇಳ್ದಿತ್ತ್.”

“ನಡೆಯುವಾಗ ಚಪ್ಪಲಿ ಕಾಲಲ್ಲಿ ನಿಲ್ಲುತ್ತದಾ?”

“ಅದ್... ಮೊನ್ನಿಂದ ಒಂಚೂರ್ ಜಾರ್ತಾ ಇತ್ತ್. ಪಟ್ಟಿ ಸಡ್ಲ ಆದ್ದ್ ಅಂದೇಳಿ ಹೊಸ್ತ್ ತಕಂಡೆ. ಎಂತಕ್ಕೆ?”

ನಾನು ಎದ್ದು ನಿಂತು ಆಸ್ಪತ್ರೆಯ ದಾರಿ ಹೇಳತೊಡಗಿದೆ. ಅವರಿಗೆ ಬೇಸರವಾಯಿತು. “ಹಾಂಗಾರೆ ನೀವ್ ಮೆಟ್ಟುದಿಲ್ಯಾ?” ಎಂದು ಕೇಳುತ್ತಲೇ ಇದ್ದರು.

“ಮೊದಲು ಇವತ್ತೇ ಅಲ್ಲಿಗೆ ಹೋಗಿ,” ಎಂದೆ. “ಮೆಟ್ಟುವುದು ಬಿಡುವುದು ಆಮೇಲೆ ನೋಡುವ.”